ಬಡ್ಡಿ ಬೀನ್ ಯಾಕೆ ಸಿಗಲಿಲ್ಲ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ನಿವೃತ್ತ ಮೇಷ್ಟರೊಬ್ಬರ ಪತ್ರ ಬಂದಿತ್ತು. ಕನ್ನಡ ಮೀಡಿಯಂನಲ್ಲಿ ಓದಿ ಇಂಜಿನಿಯರ್ ಆದ ಹುಡುಗರು ಐಟಿ ಕೆಲಸದಲ್ಲಿ ಹಿಂದೆ ಬೀಳುವುದು ಇಂಗ್ಲಿಷ್ ಬಾರದ್ದಕ್ಕೆ, ಅದೊಂದು ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಅಂತ ಬರೆದಿದ್ದರು. ಅವರ ಕಾಳಜಿಗೆ ಕೈ ಮುಗಿಯುತ್ತೇನೆ. ಮಾತು ಮಾತ್ರ ಅರ್ಧ ಸರಿ ಅನ್ನಿಸಿತು. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಮೂಡಿಗೆರೆ ಕಡೆಯವಳು. 2003ರಿಂದ ಬೆಂಗಳೂರಿನಲ್ಲಿ ಜಾವಾ ಕೆಲಸ. ಎರಡು ತಿಂಗಳ ಹಿಂದೆ ನಮ್ಮ ಟೀಮಿನಲ್ಲಿ ನಡೆದದ್ದನ್ನು ಹೇಳುತ್ತೇನೆ, ಮೇಷ್ಟರೇ ತೀರ್ಮಾನ ಮಾಡಲಿ. ಕಂಪನಿ ಹೆಸರು ಬೇಡ, ನನ್ನ ಹೆಸರನ್ನೂ ಹಾಕಬೇಡಿ.

ಹಾವೇರಿ ಕಡೆಯ ಹುಡುಗ. ಸೇರಿ ಎಂಟು ತಿಂಗಳಾಗಿತ್ತು. ಶುಕ್ರವಾರ ಸಂಜೆ ಆರೂವರೆಗೆ ನನ್ನ ಟೇಬಲ್ ಹತ್ತಿರ ಬಂದು ನಿಂತ. ಮುಖ ಸಣ್ಣದಾಗಿತ್ತು.

'ಮೇಡಂ, ಕಂಪೈಲ್ ಆಗೈತ್ರಿ. ಬಿಲ್ಡ್ ಪಾಸ್ ಆಗೈತ್ರಿ. ಆದ್ರ ಅಪ್ಲಿಕೇಶನ್ ಏಳವಲ್ದು.'

'ಏನು ಬದಲಾಯಿಸಿದೆ?'

'ಏನಿಲ್ರಿ. ಬಡ್ಡಿ ಬೀನ್‌ಗೆ ಒಂದು ಇಂಟರ್‌ಫೇಸ್ ಸೇರಿಸೀನಿ, ಅಷ್ಟ.'

ಕಂಪೈಲ್ ಅಂದರೆ ನಾವು ಬರೆದ ಕೋಡನ್ನು ಕಂಪ್ಯೂಟರ್ ನಡೆಸುವ ರೂಪಕ್ಕೆ ತಿರುಗಿಸುವುದು, ಅದನ್ನು ಮಾಡುವುದು ಕಂಪೈಲರ್. ಈ ಬೀನ್ ಅಂದರೆ ಏನು ಅಂತ ಮೊದಲು ಹೇಳಬೇಕು. ಸಾಲ, ವಿಮೆ, ಟಿಕೆಟ್ ಇಂಥ ದೊಡ್ಡ ಲೆಕ್ಕದ ಪ್ರೋಗ್ರಾಂಗಳನ್ನು ಜಾವಾದಲ್ಲಿ ಬರೆಯುವಾಗ ಕೆಲಸವನ್ನು ತುಂಡು ತುಂಡು ಮಾಡಿ ಇಡುತ್ತೇವೆ. ಅಂಥ ಒಂದು ತುಂಡಿಗೆ ಎಂಟರ್‌ಪ್ರೈಸ್ ಜಾವಾ ಬೀನ್, ಚಿಕ್ಕದಾಗಿ ಇಜೆಬಿ ಅಂತ ಹೆಸರು. ಜಾವಾ ಅನ್ನುವ ಹೆಸರು ಕಾಫಿಯಿಂದ ಬಂದದ್ದು, ಹಾಗಾಗಿ ಬೀನ್ ಅಂದರೆ ಕಾಫಿ ಬೀಜ. ನನಗೆ ಕೆಲಸ ಸಿಕ್ಕಿದಾಗ ಅಪ್ಪನಿಗೆ ಫೋನ್ ಮಾಡಿ 'ಬೀನ್ ಬರೆಯುವ ಕೆಲಸ' ಅಂದೆ. ಮೂರು ಎಕರೆ ತೋಟದವರು. 'ಅರೇಬಿಕಾನೋ ರೋಬಸ್ಟಾನೋ?' ಅಂತ ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ಇವತ್ತಿಗೂ ಗೊತ್ತಿಲ್ಲ.

ಇನ್ನು ಇಂಟರ್‌ಫೇಸ್. ಬ್ಯಾಂಕಿನ ಕೌಂಟರ್ ನೆನಪಿಸಿಕೊಳ್ಳಿ. ಮೇಲೆ ಒಂದು ಬೋರ್ಡ್: ಇಲ್ಲಿ ದುಡ್ಡು ಕಟ್ಟಬಹುದು, ಪಾಸ್‌ಬುಕ್ ಎಂಟ್ರಿ ಮಾಡಿಸಬಹುದು. ಒಳಗೆ ಕೆಲಸ ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅನ್ನುವುದು ನಮಗೆ ಬೇಡ. ಆ ಬೋರ್ಡೇ ಇಂಟರ್‌ಫೇಸ್. ಕೌಂಟರ್ ಹಿಂದೆ ಕೂತವನು ಸರ್ವರ್, ಅಂದರೆ ಬೀನ್‌ಗಳನ್ನೆಲ್ಲ ನಡೆಸುವ ದೊಡ್ಡ ಪ್ರೋಗ್ರಾಂ, ನೇಮಿಸಿದ ಗುಮಾಸ್ತ, ನಮ್ಮ ಭಾಷೆಯಲ್ಲಿ ಪ್ರಾಕ್ಸಿ. ಅವನ ಹಿಂದೆ ಒಳಕೋಣೆಯಲ್ಲಿ ನಿಜವಾದ ಬೀನ್. ನಡುವೆ ಈ ಗುಮಾಸ್ತ ಯಾಕೆ ಅಂದರೆ, ಒಂದು ಖಾತೆಯಿಂದ ದುಡ್ಡು ತೆಗೆದು ಇನ್ನೊಂದಕ್ಕೆ ಹಾಕುವ ಮೊದಲೇ ಕರೆಂಟ್ ಹೋಯಿತು ಅಂದುಕೊಳ್ಳಿ. ತೆಗೆದದ್ದನ್ನು ವಾಪಸ್ ಹಾಕಬೇಕು. ಕೇಳಲು ಬಂದವನಿಗೆ ಅಧಿಕಾರ ಇದೆಯೋ ಇಲ್ಲವೋ ನೋಡಬೇಕು. ಇದನ್ನೆಲ್ಲ ಪ್ರತಿ ಬೀನ್‌ನಲ್ಲೂ ಬರೆಯುತ್ತಾ ಕೂರಲು ಆಗುವುದಿಲ್ಲ ಅಂತಲೇ ಸರ್ವರ್ ನಡುವೆ ನಿಲ್ಲುವುದು.

ಹುಡುಗನ ಸ್ಕ್ರೀನ್ ಮೇಲೆ ಮುನ್ನೂರು ಸಾಲು ಕೆಂಪು ಅಕ್ಷರ. ಅವನು ಮೇಲಿನಿಂದ ಓದುತ್ತಿದ್ದ. ಎಲ್ಲರೂ ಮಾಡುವ ತಪ್ಪು ಇದು. ಕೆಳಗೆ ಹೋಗಿ ಕಟ್ಟಕಡೆಯ 'ಕಾಸ್ಡ್ ಬೈ', ಅಂದರೆ ಮೂಲ ಕಾರಣ ಹೇಳುವ ಸಾಲು, ಹುಡುಕು ಅಂದೆ. ಸಿಕ್ಕಿತು. ಜೋರಾಗಿ ಓದು ಅಂದೆ. 'ನೋ ಇಜೆಬಿ ಫೌಂಡ್ ವಿತ್ ಇಂಟರ್‌ಫೇಸ್ ಆಫ್ ಟೈಪ್' ಅಂತ ಶುರುವಾಗಿ, ಮುಂದೆ ನಮ್ಮ ಬಡ್ಡಿ ಬೀನ್‌ನ ಪೂರ್ತಿ ಹೆಸರು. ಕನ್ನಡದಲ್ಲಿ ಹೇಳು ಅಂದೆ. 'ಬಡ್ಡಿ ಬೀನ್ ಅನ್ನೋ ಇಂಟರ್‌ಫೇಸ್ ಇರೋ ಇಜೆಬಿ ಸಿಗಲಿಲ್ಲ' ಅಂದ. ಒಂದು ಪದವೂ ತಪ್ಪಲಿಲ್ಲ. ಮೇಷ್ಟರು ಹೇಳುವ ಇಂಗ್ಲಿಷ್ ಅವನಿಗೆ ಬರುತ್ತದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

'ಮೇಡಂ, ಬಡ್ಡಿ ಬೀನ್ ಇಂಟರ್‌ಫೇಸೇ ಅಲ್ರಿ. ಅದು ಕ್ಲಾಸ್. ಇದ್ಯಾಕ ಅದನ್ನ ಇಂಟರ್‌ಫೇಸ್ ಅಂತೈತಿ?'

ಕ್ಲಾಸ್ ಅಂದರೆ ನಿಜವಾದ ಕೆಲಸದ ಕೋಡ್ ಇರುವ ಜಾಗ, ಬೋರ್ಡ್ ಅಲ್ಲ. ಇಡೀ ಸಮಸ್ಯೆ ಅವನ ಬಾಯಲ್ಲೇ ಬಂದುಬಿಟ್ಟಿತ್ತು, ಅವನಿಗೆ ಗೊತ್ತಾಗಲಿಲ್ಲ ಅಷ್ಟೇ.

2009ರಲ್ಲಿ ಬಂದ ಇಜೆಬಿ 3.1ರಲ್ಲಿ ಒಂದು ಸವಲತ್ತು ಕೊಟ್ಟರು. ಸಣ್ಣ ಬೀನ್‌ಗೆಲ್ಲ ಇಂಟರ್‌ಫೇಸ್ ಬರೆಯುವ ಗೋಳು ಬೇಡ, ಕ್ಲಾಸನ್ನೇ ಹೆಸರು ಹಿಡಿದು ಕೇಳಿದರೆ ಸಾಕು ಅಂತ. ಇದಕ್ಕೆ 'ನೋ ಇಂಟರ್‌ಫೇಸ್ ವ್ಯೂ' ಅನ್ನುತ್ತಾರೆ. ಗುಮಾಸ್ತ ಆಗಲೂ ಇರುತ್ತಾನೆ, ಆದರೆ ಬೀನ್‌ನ ವೇಷ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ನಮ್ಮ ಬಡ್ಡಿ ಬೀನ್ ಇಷ್ಟು ವರ್ಷ ಹೀಗೇ ನಡೆದಿತ್ತು. ಹನ್ನೊಂದು ಕಡೆಯಿಂದ ಅದನ್ನು ಕ್ಲಾಸ್ ಹೆಸರು ಹಿಡಿದೇ ಕರೆಯುತ್ತಿದ್ದರು. ಹುಡುಗ ಆಡಿಟ್‌ಗೆ ಬೇಕು ಅಂತ ಒಂದು ಇಂಟರ್‌ಫೇಸ್ ಸೇರಿಸಿ, 'ಇಂಪ್ಲಿಮೆಂಟ್ಸ್' ಅಂತ ಬರೆದ, ಅಂದರೆ ಈ ಬೋರ್ಡಿನಲ್ಲಿರುವ ಕೆಲಸ ಈ ಬೀನ್ ಮಾಡುತ್ತದೆ ಅಂತ. ನಿಯಮ ಏನು ಹೇಳುತ್ತದೆ? ಬೀನ್ ಒಂದು ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡಿ, ಬೇರೇನೂ ಹೇಳದೇ ಇದ್ದರೆ, ಅದನ್ನೇ ಅದರ ಲೋಕಲ್ ಇಂಟರ್‌ಫೇಸ್, ಅಂದರೆ ಸರ್ವರಿನ ಒಳಗಿನವರೇ ಕರೆಯುವ ಬೋರ್ಡ್, ಅಂದುಕೊಳ್ಳಬೇಕು. ಆಗ ಆ ಸವಲತ್ತು ತಾನಾಗಿ ಹೋಗುತ್ತದೆ. ಅಂದರೆ ಗುಮಾಸ್ತ ವೇಷ ಕಳಚಿಟ್ಟು, ಆಡಿಟ್ ಬೋರ್ಡ್ ನೇತುಹಾಕಿ ಕೌಂಟರ್ ಹಿಂದೆ ಹೋಗಿ ಕೂತ. ಹನ್ನೊಂದು ಜನ ಹಳೇ ಹೆಸರು ಹಿಡಿದು ಬಂದರು. ಆ ಹೆಸರಿನವರು ಇಲ್ಲಿಲ್ಲ ಅಂದ.

ಬೀನ್ ತಲೆಯ ಮೇಲೆ 'ಅಟ್ ಲೋಕಲ್‌ಬೀನ್' ಅಂತ ಒಂದು ಸಾಲು ಬರೆಸಿದೆ. ಕೌಂಟರೂ ಇರಲಿ, ವೇಷವೂ ಇರಲಿ ಅಂತ ಅರ್ಥ. ಏಳು ಗಂಟೆಗೆ ಸರ್ವರ್ ಎದ್ದಿತು. ಹುಡುಗ ಹುಬ್ಬಳ್ಳಿ ಬಸ್ಸಿಗೆ ಓಡಿದ.

ಕಂಪೈಲರ್ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಜಾವಾ ಲೆಕ್ಕದಲ್ಲಿ ತಪ್ಪೇ ಇಲ್ಲ ಸ್ವಾಮಿ. ಕ್ಲಾಸ್ ಇದೆ, ಇಂಟರ್‌ಫೇಸ್ ಇದೆ, ಕರೆಯುವವರಿದ್ದಾರೆ. ತಪ್ಪಿದ್ದದ್ದು ಸರ್ವರಿನ ಒಪ್ಪಂದದಲ್ಲಿ. ಅದನ್ನು ಡಿಪ್ಲಾಯ್ ಮಾಡುವಾಗ, ಅಂದರೆ ಅಪ್ಲಿಕೇಶನ್ನನ್ನು ಸರ್ವರಿಗೆ ಏರಿಸುವಾಗ, ಸರ್ವರೇ ಓದಿ ಹೇಳಬೇಕು. ನಮ್ಮ ಕಾಲೇಜುಗಳಲ್ಲಿ 'ಇಂಟರ್‌ಫೇಸ್ ಎಂದರೇನು? ಐದು ಅಂಕ' ಅಂತ ಬರೆಸುತ್ತಾರೆ. ಸರ್ವರ್ ಬಾಯಲ್ಲಿ ಇಂಟರ್‌ಫೇಸ್ ಅಂದರೆ 'ನೀನು ಯಾವ ಹೆಸರಿನಿಂದ ಸಿಗುತ್ತೀಯ' ಅಂತ ಯಾರೂ ಹೇಳಿಕೊಡುವುದಿಲ್ಲ. ಡಿಕ್ಷನರಿಯಲ್ಲಿ ಇದು ಸಿಗುವ ಹಾಗೂ ಇಲ್ಲ. ಪಕ್ಕದಲ್ಲಿ ಕೂತವರು ಹೇಳಬೇಕು, ಅದೂ ಅವನಿಗೆ ತಿಳಿಯುವ ಮಾತಿನಲ್ಲಿ.

ನನಗೆ ಹೇಳಿದವರಿದ್ದರು. 2003ರಲ್ಲಿ ನಾನು ಸೇರಿದಾಗ ಇಜೆಬಿ 2.0 ನಡೆಯುತ್ತಿತ್ತು. ಈಗಿನ ಹುಡುಗರಿಗೆ ಆ ಕಷ್ಟ ಹೇಳಿದರೆ ನಂಬುವುದಿಲ್ಲ. ಒಂದು ಬೀನ್‌ಗೆ ನೆಟ್‌ವರ್ಕ್ ಆಚೆಯಿಂದ ಕರೆಯುವವರಿಗೆ ಒಂದು ರಿಮೋಟ್ ಇಂಟರ್‌ಫೇಸ್, ಬೀನನ್ನು ಹುಟ್ಟಿಸಿ ಪಡೆಯಲು ಒಂದು ಹೋಮ್ ಇಂಟರ್‌ಫೇಸ್, ಆಮೇಲೆ ಬೀನ್ ಕ್ಲಾಸ್. ಲೋಕಲ್ ಬೇಕೆಂದರೆ ಇನ್ನೂ ಎರಡು. ಇವೆಲ್ಲ ಸೇರಿ ಒಂದೇ ಸಂಸಾರ ಅಂತ ಹೇಳಲು ಒಂದು ಎಕ್ಸ್‌ಎಂಎಲ್ ಫೈಲು. ವಿಚಿತ್ರ ಏನೆಂದರೆ, ಬೀನ್ ಕ್ಲಾಸು ತನ್ನ ರಿಮೋಟ್ ಇಂಟರ್‌ಫೇಸನ್ನು ಇಂಪ್ಲಿಮೆಂಟ್ ಮಾಡುತ್ತಿರಲಿಲ್ಲ. ಇಬ್ಬರೂ ಅಕ್ಕಪಕ್ಕದ ಮನೆಯವರ ಹಾಗೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಹೊಂದುತ್ತದೋ ಇಲ್ಲವೋ ಕಂಪೈಲರಿಗೆ ಗೊತ್ತೇ ಆಗುವುದಿಲ್ಲ.

ನನ್ನ ಮೊದಲ ಎರರ್ ಹಾಗೇ ಬಂದದ್ದು. ರಿಮೋಟ್‌ನಲ್ಲಿ ಖಾತೆ ನಂಬರ್ 'ಇಂಟ್' ಅಂತ ಬರೆದಿದ್ದೆ, ಬೀನ್‌ನಲ್ಲಿ 'ಲಾಂಗ್'. ಎರಡೂ ಸಂಖ್ಯೆಯೇ, ಅಳತೆ ಬೇರೆ. ಕಂಪೈಲ್ ಚೆನ್ನಾಗಿಯೇ ಆಯಿತು. ಸರ್ವರ್ ಒಪ್ಪಲಿಲ್ಲ. ರಾತ್ರಿ ಹತ್ತರವರೆಗೆ ಕೂತಿದ್ದೆ. ಅಳು ಬರುವ ಹಾಗಾಗಿತ್ತು. ನನ್ನ ಸೀನಿಯರ್ ಧಾರವಾಡದವರು, ನಾನು 'ಸರ್' ಅಂದರೆ ಬೇಡ ಅನ್ನುತ್ತಿದ್ದರು, 'ಅಣ್ಣಾ' ಅನ್ನು ಅಂತ. ಅವರು ಬಂದು ಎರಡೂ ಫೈಲನ್ನು ಅಕ್ಕಪಕ್ಕ ಇಟ್ಟರು. 'ಬೆರಳಿಟ್ಟು ಓದವಾ. ಒಂದೊಂದೇ ಪದಕ್ಕ ಬೆರಳಿಡು' ಅಂದರು. ಮೂರನೇ ಮೆಥಡ್‌ನಲ್ಲಿ, ಅಂದರೆ ಬೀನ್ ಮಾಡುವ ಮೂರನೇ ಕೆಲಸದಲ್ಲಿ, ಬೆರಳು ನಿಂತಿತು.

ಅವತ್ತು ಅವರು ಒಂದು ಉಪಾಯವನ್ನೂ ಹೇಳಿಕೊಟ್ಟರು. ಮೆಥಡ್‌ಗಳನ್ನೆಲ್ಲ ಬೇರೆ ಒಂದು ಸಾದಾ ಇಂಟರ್‌ಫೇಸ್‌ನಲ್ಲಿ ಬರೆ. ರಿಮೋಟ್ ಅದರಿಂದ ಎಕ್ಸ್‌ಟೆಂಡ್ ಆಗಲಿ, ಅಂದರೆ ಅದರ ಮಗುವಾಗಲಿ, ಬೀನ್ ಅದನ್ನು ಇಂಪ್ಲಿಮೆಂಟ್ ಮಾಡಲಿ. ಹೊಂದದಿದ್ದರೆ ಕಂಪೈಲರೇ ಕಿವಿ ಹಿಂಡುತ್ತದೆ, ಸರ್ವರ್ ತನಕ ಹೋಗುವುದೇ ಬೇಡ. ಆಮೇಲೆ ಎಷ್ಟು ರಾತ್ರಿಗಳು ಉಳಿದವೋ ಲೆಕ್ಕವಿಲ್ಲ.

ಆ ವಾರವೇ ಜಯನಗರದಲ್ಲಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಎರರ್ ಬಂದಾಗಲೆಲ್ಲ ಅದರಲ್ಲಿ ಬರೆಯುವುದು: ಅದು ಏನಂತು, ಕಾರಣ ಏನಿತ್ತು, ಮದ್ದೇನು. ಕನ್ನಡದಲ್ಲೇ. ಈಗ ನಾಲ್ಕನೇ ನೋಟ್‌ಬುಕ್ ನಡೆಯುತ್ತಿದೆ. ಮೊದಲನೆಯದರಲ್ಲಿ ಒಂದು ಪುಟ ಹೀಗಿದೆ: 'ರಿಮೋಟ್‌ನಲ್ಲಿ ರಿಮೋಟ್ ಎಕ್ಸೆಪ್ಶನ್ ಬರೆಯದೇ ಇರಬಾರದು. ಲೋಕಲ್‌ನಲ್ಲಿ ಬರೆಯಬಾರದು. ಬೀನ್‌ನಲ್ಲೂ ಬೇಡ. ನೆಟ್‌ವರ್ಕ್ ದಾಟುವವರಿಗೆ ಮಾತ್ರ ದಾರಿಯ ಭಯ.' ಎಕ್ಸೆಪ್ಶನ್ ಅಂದರೆ ಕೆಲಸ ಎಡವಿದಾಗ ಬರುವ ದೂರು. ಕೊನೆ ಸಾಲು ಈಗ ಓದಿದರೆ ನಗು ಬರುತ್ತದೆ, ಆಗ ಚಿಕ್ಕ ವಯಸ್ಸು. ಇನ್ನೊಂದು ಪುಟದಲ್ಲಿ: 'ಹೋಮ್‌ನಲ್ಲಿ ಕ್ರಿಯೇಟ್ ಇದ್ದರೆ ಬೀನ್‌ನಲ್ಲಿ ಇಜೆಬಿ-ಕ್ರಿಯೇಟ್ ಇರಲೇಬೇಕು. ಸ್ಪೆಲಿಂಗ್ ನೋಡು. ಸಿ ದೊಡ್ಡದು!' ಆಶ್ಚರ್ಯದ ಗುರುತು ಮೂರು ಸಲ ಒತ್ತಿ ಬರೆದು ಹಾಳೆ ಹರಿದಿದೆ.

2006ರಲ್ಲಿ ಇಜೆಬಿ 3.0 ಬಂದು ಈ ಹೋಮ್‌ಗೀಮ್ ಎಲ್ಲ ಹೋಯಿತು. ಸಾದಾ ಇಂಟರ್‌ಫೇಸ್ ಬರೆದು 'ಅಟ್ ಲೋಕಲ್' ಅಥವಾ 'ಅಟ್ ರಿಮೋಟ್' ಅಂತ ಒಂದು ಗುರುತು ಹಾಕಿದರೆ ಆಯಿತು. ಸುಲಭವಾಯಿತು, ನಿಜ. ಆದರೆ ತಪ್ಪುಗಳು ಎಲ್ಲಿಗೂ ಹೋಗಲಿಲ್ಲ, ಮೆತ್ತಗಾದವು. ಜನ ಒಂದೇ ಇಂಟರ್‌ಫೇಸ್ ಮೇಲೆ ಎರಡೂ ಗುರುತು ಹಾಕತೊಡಗಿದರು. ಹಾಗೆ ಮಾಡುವಂತಿಲ್ಲ. ಲೋಕಲ್ ಅಂದರೆ ಕೈಗೆ ಅಸಲು ಕಾಗದವನ್ನೇ ಕೊಡುವುದು, ರಿಮೋಟ್ ಅಂದರೆ ಜೆರಾಕ್ಸ್ ಕೊಡುವುದು. ಜೆರಾಕ್ಸ್ ಮೇಲೆ ಗೀಚಿದರೆ ಅಸಲಿಗೆ ಏನೂ ಆಗುವುದಿಲ್ಲ. ಒಂದೇ ಕೌಂಟರಿನಲ್ಲಿ ಎರಡನ್ನೂ ಇಟ್ಟರೆ ಬಂದವನಿಗೆ ತಾನು ಯಾವುದರ ಮೇಲೆ ಸಹಿ ಹಾಕುತ್ತಿದ್ದೇನೆ ಅಂತ ಗೊತ್ತಾಗಬೇಡವೇ? ಬೇಕಾದರೆ ಒಂದು ತಾಯಿ ಇಂಟರ್‌ಫೇಸ್ ಮಾಡಿ, ಅದಕ್ಕೆ ಎರಡು ಮಕ್ಕಳು ಮಾಡಿ.

ಬೀನ್ ಎರಡು ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡಿದಾಗಿನ ಗಲಾಟೆ ಬೇರೆ. 3.1ರವರೆಗೆ ಯಾವುದು ಲೋಕಲ್ ಅಂತ ನಾವೇ ಬಾಯಿಬಿಟ್ಟು ಹೇಳಬೇಕಿತ್ತು. 2013ರ 3.2ರಲ್ಲಿ, ಏನೂ ಹೇಳದಿದ್ದರೆ ಎಲ್ಲವೂ ಲೋಕಲ್ ಅಂತ ಆಯಿತು. ಹಾಗಾಗಿ ಹೊಸ ಸರ್ವರಿನಲ್ಲಿ ಓಡುವ ಕೋಡ್ ಹಳೇ ಸರ್ವರಿನಲ್ಲಿ ಬಿದ್ದುಹೋಗುತ್ತದೆ. 'ನನ್ನ ಮಶೀನ್‌ನಲ್ಲಿ ಓಡ್ತಿದೆ ಮೇಡಂ' ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, 'ಯಾವ ವರ್ಷನ್?'

ನೋಟ್‌ಬುಕ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ಎರರ್ ಒಂದಿದೆ. 'ಸಾಲ ಸೇವೆಯನ್ನು ಸಾಲ ಸೇವೆಯಾಗಿ ಬದಲಾಯಿಸಲು ಆಗುವುದಿಲ್ಲ' ಅನ್ನುತ್ತದೆ ಅದು. ಎರಡೂ ಕಡೆ ಅದೇ ಹೆಸರು, ಅದೇ ಸ್ಪೆಲಿಂಗ್. ಮೊದಲ ಸಲ ನೋಡಿದಾಗ ಸರ್ವರಿಗೆ ಹುಚ್ಚು ಹಿಡಿದಿದೆ ಅಂದುಕೊಂಡಿದ್ದೆ. ಆಗಿದ್ದು ಇಷ್ಟೇ. ಇಂಟರ್‌ಫೇಸ್ ಇರುವ ಜಾರ್ ಫೈಲು, ಅಂದರೆ ಜಾವಾ ಕೋಡಿನ ಗಂಟು, ಎರಡು ಕಡೆ ಕೂತಿತ್ತು. ಇಡೀ ಅಪ್ಲಿಕೇಶನ್ನಿನ ಲಿಬ್ ಫೋಲ್ಡರಿನಲ್ಲಿ ಒಂದು, ವೆಬ್ ಭಾಗದ ಹೊಟ್ಟೆಯೊಳಗೆ ಇನ್ನೊಂದು. ಎರಡನ್ನು ಓದುವ ಕ್ಲಾಸ್‌ಲೋಡರ್‌ಗಳು ಬೇರೆ ಬೇರೆ. ನಮ್ಮೂರಿನಲ್ಲಿ ಒಂದೇ ಹೆಸರು, ಒಂದೇ ಇನಿಷಿಯಲ್ಲಿನ ಇಬ್ಬರು ಗೌಡರಿದ್ದರು. ಒಬ್ಬರ ಪಹಣಿ ತಂದು ಇನ್ನೊಬ್ಬರಿಗೆ ಸಾಲ ಕೊಡಿ ಅಂದರೆ ಸೊಸೈಟಿಯವರು ಕೊಡುತ್ತಾರೆಯೇ? ಒಂದು ಜಾರ್ ತೆಗೆದು ಹಾಕಿದೆ, ಸರಿಹೋಯಿತು.

ಎಲ್ಲಕ್ಕಿಂತ ಕೆಟ್ಟದ್ದು ಬಾಯೇ ಬಿಡದ ಎರರ್. 2017ರಲ್ಲಿ ಒರಾಕಲ್ ಕಂಪನಿ ಎಂಟರ್‌ಪ್ರೈಸ್ ಜಾವಾವನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಬಿಟ್ಟುಕೊಡುವುದಾಗಿ ಹೇಳಿತು. ಜಾವಾ ಅನ್ನುವ ಹೆಸರನ್ನು ಮಾತ್ರ ಇಟ್ಟುಕೊಂಡಿತು. ಹೊಸ ಹೆಸರು ಜಕಾರ್ತ ಅಂತಾಯಿತು. ಜಾವಾ ದ್ವೀಪದಲ್ಲೇ ಇರುವ ಊರು, ಅಲ್ವಾ, ಹೆಸರಿಟ್ಟವರು ಜಾಣರು. 2020ರ ಜಕಾರ್ತ ಇಇ 9ರಲ್ಲಿ ಕೋಡಿನೊಳಗಿನ 'ಜಾವಾಎಕ್ಸ್' ಅನ್ನುವ ಮನೆಹೆಸರುಗಳೂ 'ಜಕಾರ್ತ' ಆದವು. ನಾವು ಬದಲಾಯಿಸಲು ಕೂತೆವು. ಒಬ್ಬ ಉತ್ಸಾಹಿ 'ರಿಪ್ಲೇಸ್ ಆಲ್' ಒತ್ತಿಬಿಟ್ಟ. ಡೇಟಾಬೇಸಿನ ಜಾವಾಎಕ್ಸ್ ಎಸ್‌ಕ್ಯೂಎಲ್, ಹೆಸರು ಹುಡುಕುವ ಜಾವಾಎಕ್ಸ್ ನೇಮಿಂಗ್, ಇವು ಮೂಲ ಜಾವಾಕ್ಕೆ ಸೇರಿದವು, ಬದಲಾಗಬಾರದು. ನೂರಾರು ಕಡೆ ಕೆಂಪಾಯಿತು. ಅದು ವಾಸಿ, ಕಣ್ಣಿಗೆ ಕಾಣುತ್ತದೆ. ಅವನ 'ರಿಪ್ಲೇಸ್ ಆಲ್'ಗೂ ಸಿಗದೇ, ಕಣ್ಣಿಗೂ ಕಾಣದೇ ಉಳಿದದ್ದು ಒಂದು ಬೀನ್. ಅದರ ತಲೆಯ ಮೇಲಿನ ಗುರುತು ಹಳೇ ಮನೆಹೆಸರಿನದೇ ಆಗಿತ್ತು. ಬೇಕಾದ ಜಾರ್‌ಗಳನ್ನು ತಂದುಕೊಡುವ ಮಾವೆನ್ ಅನ್ನುವ ಸಾಧನ ಎಲ್ಲಿಂದಲೋ ಹಳೇ ಜಾರ್ ಎಳೆದು ತಂದಿದ್ದರಿಂದ ಕಂಪೈಲ್ ಆಯಿತು. ಹೊಸ ಸರ್ವರಿಗೆ ಆ ಗುರುತು ಗುರುತೇ ಅಲ್ಲ. ಅದನ್ನು ಬೀನ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ದೂರೂ ಹೇಳಲಿಲ್ಲ. ಕೊನೆಗೆ ಅದನ್ನು ಕರೆಯುವ ಇನ್ನೊಂದು ಬೀನ್‌ನ ಹತ್ತಿರ ಬಂದಾಗ ಸರ್ವರ್ ಹೇಳಿದ್ದು ಮತ್ತೆ ಅದೇ ಮಾತು: ಈ ಇಂಟರ್‌ಫೇಸ್ ಇರುವ ಇಜೆಬಿ ಸಿಗಲಿಲ್ಲ.

ಹಾವೇರಿ ಹುಡುಗನಿಗೆ ಬಂದ ಎರರ್, ಜಕಾರ್ತಕ್ಕೆ ಬದಲಾಯಿಸುವಾಗ ನನಗೆ ಬಂದ ಈ ಎರರ್, ಅಕ್ಷರಕ್ಕೆ ಅಕ್ಷರ ಒಂದೇ. ಕಾಯಿಲೆ ಬೇರೆ ಬೇರೆ. ಜ್ವರ ಅಂತ ಬಂದವರಿಗೆಲ್ಲ ಡಾಕ್ಟರು ಒಂದೇ ಮಾತ್ರೆ ಕೊಡುತ್ತಾರೆಯೇ? ನಾಡಿ ನೋಡಬೇಕು. ಆ ಹೆಸರಿನ ಬೀನ್ ಸರ್ವರಿನ ಪಟ್ಟಿಗೆ ಸೇರಿದೆಯೇ ಅಂತ ಮೊದಲು ನೋಡಬೇಕು. ಡಿಪ್ಲಾಯ್ ಆಗುವಾಗ ಸರ್ವರ್ ಬರೆದಿಡುವ ಲಾಗ್‌ನಲ್ಲಿ ಪ್ರತಿ ಬೀನ್‌ನ ಜೆಎನ್‌ಡಿಐ ಹೆಸರು, ಅಂದರೆ ಅದನ್ನು ಹುಡುಕುವ ವಿಳಾಸ, ಬರುತ್ತದೆ, ಜೊತೆಗೆ ಆಶ್ಚರ್ಯದ ಗುರುತು ಹಾಕಿ ಯಾವ ಇಂಟರ್‌ಫೇಸ್‌ನಿಂದ ಸಿಗುತ್ತದೆ ಅನ್ನುವುದೂ ಇರುತ್ತದೆ. ಬೀನ್ ಹೆಸರೇ ಇಲ್ಲದಿದ್ದರೆ ಗುರುತಿನಲ್ಲಿ ತಪ್ಪು. ಹೆಸರಿದ್ದು, ಮುಂದಿನ ಇಂಟರ್‌ಫೇಸ್ ಬೇರೆ ಇದ್ದರೆ ಕೌಂಟರಿನಲ್ಲಿ ತಪ್ಪು. ಇಷ್ಟು ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ. ಗೊತ್ತಿಲ್ಲದಿದ್ದರೆ ಶುಕ್ರವಾರ ರಾತ್ರಿಯೆಲ್ಲ ಸರ್ವರ್ ರೀಸ್ಟಾರ್ಟ್ ಮಾಡುತ್ತಾ ಕೂರಬೇಕು.

ಮೇಷ್ಟರಿಗೆ ಒಂದು ಒಪ್ಪಿಗೆ. ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಿಯಮದ ಪುಸ್ತಕಗಳು ಇರುವುದು ಇಂಗ್ಲಿಷಿನಲ್ಲೇ, ಅಮೆರಿಕದ ಕ್ಲೈಂಟ್ ಜೊತೆ ಕನ್ನಡದಲ್ಲಿ ಮಾತಾಡಲು ಆಗುವುದಿಲ್ಲ. ಆದರೆ ಆ ಹುಡುಗ ಒಂದೂ ಪದ ತಪ್ಪದೆ ಓದಿದ, ಆದರೂ ಸಿಕ್ಕಿಹಾಕಿಕೊಂಡ. ಬಿಡಿಸಿಕೊಂಡದ್ದು ಕನ್ನಡದಲ್ಲಿ ಪ್ರಶ್ನೆ ಕೇಳಿದಾಗ. ಟೀ ಕುಡಿಯುವ ಜಾಗದಲ್ಲಿ ನಾವು ದಿನವೂ ಇದನ್ನೆಲ್ಲ ಕನ್ನಡದಲ್ಲೇ ಮಾತಾಡುತ್ತೇವೆ. ಲೋಟ ತೊಳೆದಿಟ್ಟ ಹಾಗೆ ಮಾತೂ ತೊಳೆದುಹೋಗುತ್ತದೆ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಾರವಾರವೂ ಹೊಸ ಮೊಬೈಲಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಬರುತ್ತದೆ. ಬರಲಿ, ನಾನೂ ಓದುತ್ತೇನೆ. ಅದರ ಪಕ್ಕ ಕಾಲು ಕಾಲಂ ಜಾಗ ಕೊಡಿ. ವಾರಕ್ಕೆ ಒಂದೇ ಎರರ್. ಅದು ಏನಂತು, ಕಾರಣ, ಮದ್ದು. ಬರೆಯುವವರು ನಾನೊಬ್ಬಳೇ ಆಗಬೇಕಿಲ್ಲ, ಈ ಊರಿನ ತುಂಬ ನನ್ನಂಥವರಿದ್ದಾರೆ. ಒಂದು ಮಾತು ಮಾತ್ರ: ಇಂಟರ್‌ಫೇಸ್ ಅನ್ನುವುದನ್ನು ಅಂತರ್ಮುಖ, ಅಂತರಸಂಪರ್ಕ ಅಂತೆಲ್ಲ ತಿದ್ದಬೇಡಿ. ಹಾವೇರಿ ಹುಡುಗನಿಗೂ ಅರ್ಥವಾಗುವುದಿಲ್ಲ, ನನಗೂ ಆಗುವುದಿಲ್ಲ.

ಮೊದಲ ಆರು ವಾರಕ್ಕೆ ಆಗುವಷ್ಟನ್ನು ನೋಟ್‌ಬುಕ್‌ನಿಂದ ಎತ್ತಿ ಟೈಪ್ ಮಾಡಿ ಇಟ್ಟಿದ್ದೇನೆ. ಯುನಿಕೋಡ್‌ನಲ್ಲಿದೆ. ನಿಮಗೆ 'ನುಡಿ' ಫಾಂಟಿನಲ್ಲೇ ಬೇಕು ಅಂದರೆ ತಿಳಿಸಿ, ಬದಲಾಯಿಸಿ ಕಳಿಸುತ್ತೇನೆ. ಒತ್ತಕ್ಷರ ಕೆಟ್ಟರೆ ಒಂದು ದಿನ ಜಾಸ್ತಿ ಹಿಡಿಯಬಹುದು.

ಇಂತಿ ನಿಮ್ಮ,
ಒಬ್ಬ ಜಾವಾ ಇಂಜಿನಿಯರ್
ಬನಶಂಕರಿ, ಬೆಂಗಳೂರು